ಶ್ರಾವಣದ ಮೊದಲ ಶುಕ್ರವಾರ

ಮೊನ್ನೆ ತಾಂಡ್ಯದಲ್ಲಿ ನಾನು ಕೆಲಸಕ್ಕಿರುವ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತವಳು ಒಣಗಿಸಿದ ಬಾಳೆಹಣ್ಣಿನ ಪ್ಯಾಕೆಟ್ ಒಡೆದಳು. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅನ್ನ ಸೇರಲಿಲ್ಲ. ನರಸೀಪುರದ ರೈಸ್ ಮಿಲ್ ಯಜಮಾನರು ನೆನಪಾದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಮಾತಿಗೆ ಮುಂಚೆ ಒಂದು ನಗು... ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಇಂಜಿನಿಯರಿಂಗ್ ಮುಗಿಸಿದವಳು ನಂಜನಗೂಡಿನ ನಮ್ಮ ಮನೆಯ ಹಿತ್ತಿಲಲ್ಲಿ, ಬಾಳೆಹಣ್ಣು ಕಪ್ಪಾಗದಂತೆ ಒಣಗಿಸುವ ಸಣ್ಣ ಯಂತ್ರವೊಂದನ್ನು ಮಾಡಿದ್ದೆ. ಮೂರು ಸಲ ಕೆಟ್ಟು ನಾಲ್ಕನೆಯ ಸಲ ಸರಿಹೋಗಿತ್ತು. ಅದನ್ನೇ ದೊಡ್ಡದಾಗಿ ಮಾಡಿ ಕಂಪನಿ ಶುರುಮಾಡಲು ಬಂಡವಾಳ ಬೇಕಿತ್ತು. ಅಲೆದು ಅಲೆದು ಚಪ್ಪಲಿ ಸವೆದ ಮೇಲೆ, ಹೊಸ ಕಂಪನಿಗಳಿಗೆ ಹಣ ಹಾಕುವ ಮೈಸೂರಿನ ತಂಡವೊಂದು ಒಪ್ಪಿತು. ಕಂಪನಿಯಲ್ಲಿ ಕಾಲು ಪಾಲು ಅವರಿಗೆ. ಹದಿನೈದು ದಿನದೊಳಗೆ ಸಹಿ ಹಾಕಬೇಕು.

ನನಗೆ ಒಳಗೊಳಗೇ ದಿಗಿಲು. ಅಪ್ಪನಿಗೆ ಪರಿಚಯದವರೆಂದು ಈ ಯಜಮಾನರ ಹತ್ತಿರ ಸಲಹೆ ಕೇಳಲು ಹೋದೆ. ಕಾಗದಪತ್ರವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ.

“ಆಸಾಡ ಕಣವ್ವ ಇದು. ಒಸ ಕೆಲ್ಸಕ್ಕೆ ಸೈನ್ ಆಕ್ತಾರಾ? ಮೈಸೂರೋರು ನಿನ್ ಕಂಪ್ನಿನೇ ನುಂಗ್ ಬುಡ್ತಾರೆ. ಸ್ರಾವಣದ ಮೊದಲ್ನೇ ಸುಕ್ರವಾರ ಬಾ, ದುಡ್ಡು ನಾನ್ ಆಕ್ತೀನಿ. ಮಿಸಿನ್ ನಕ್ಷೆ ಬುಟ್ಟೋಗು, ನಮ್ ಅಳಿಯಂಗೆ ತೋರುಸ್ತೀನಿ.”

ಆಷಾಢದಲ್ಲಿ ನಮ್ಮ ಮನೆಯಲ್ಲಿ ಹೊಸ ಪೊರಕೆಯನ್ನೂ ಕೊಳ್ಳುತ್ತಿರಲಿಲ್ಲ. ಅಪ್ಪ, ಅವ್ವ ಇಬ್ಬರೂ ಯಜಮಾನರು ಹೇಳಿದ್ದೇ ಸರಿಯೆಂದು ತಲೆಯಾಡಿಸಿದರು. ನಾನು ನಕ್ಷೆ ಕೊಟ್ಟು ಬಂದೆ. ಮೈಸೂರಿನವರಿಗೆ ನಾನೇ ಫೋನ್ ಮಾಡಿ ಬೇಡವೆಂದೆ. ಅವರು ಮತ್ತೊಮ್ಮೆ ಯೋಚಿಸಲು ಹೇಳಿದಾಗಲೂ ಬೇಡವೆಂದೆ.

ಶ್ರಾವಣದ ಮೊದಲ ಶುಕ್ರವಾರ ತಟ್ಟೆಯಲ್ಲಿ ಹಣ್ಣು, ವೀಳ್ಯದೆಲೆ ಇಟ್ಟುಕೊಂಡು ಬಸ್ಸು ಹತ್ತಿದೆ. ಮಿಲ್ಲಿನ ಅಂಗಳದಲ್ಲಿ ನನ್ನ ಯಂತ್ರ ನಿಂತಿತ್ತು! ನಾನು ಮಾಡಿದ್ದರ ಹತ್ತರಷ್ಟು ದೊಡ್ಡದು, ಕುಂಕುಮ ಹಚ್ಚಿ ಹಾರ ಹಾಕಿದ್ದರು. ಯಾವಾಗ ಶುರುಮಾಡಿದಿರಿ ಎಂದು ವೆಲ್ಡರ್‌ನನ್ನು ಕೇಳಿದೆ.

“ಒಂದ್ ತಿಂಗ್ಳಾಯ್ತು ಅಕ್ಕ. ಆಸಾಡದಲ್ಲೇ ಮುಗುಸ್ಬೇಕು ಅಂತ ಯಜಮಾನ್ರು ಕುತ್ಗೆ ಮೇಲ್ ಕುಂತಿದ್ರು.”

ಅಷ್ಟರಲ್ಲಿ ಅವರೇ ಬಂದರು, ಅದೇ ನಗು.

“ಏನ್ ಯಜಮಾನ್ರೇ, ಆಷಾಢ ನಂಗೊಬ್ಳಿಗೇನಾ?”

“ಬೇಜಾರ್ ಮಾಡ್ಕಬ್ಯಾಡ ಕಣವ್ವ. ಎಣ್ಮಗ ನೀನು, ಒಬ್ಳೇ ಎಲ್ ಏಗ್ತೀಯೆ? ಇಲ್ಲೇ ಮಿಸಿನ್ ನೋಡ್ಕೊಂಡಿರು, ಸಂಬ್ಳ ಕೊಡ್ತೀನಿ.”

ತಟ್ಟೆಯಲ್ಲಿದ್ದುದನ್ನೆಲ್ಲ ಅವರ ಕಾಲ ಬುಡದಲ್ಲಿ ಸುರಿದು ಬಂದೆ. ಬಸ್‌ ಸ್ಟ್ಯಾಂಡಿನಿಂದಲೇ ಮೈಸೂರಿಗೆ ಫೋನ್ ಮಾಡಿದೆ. ಆ ಹಣ ಬೇರೆ ಕಂಪನಿಗೆ ಹೋಗಿಯಾಗಿತ್ತು. ಆಮೇಲೆ ಎರಡು ವರ್ಷ ಇನ್ನೂ ಎಷ್ಟೋ ಬಾಗಿಲು ತಟ್ಟಿದೆ... ಇಂಥದ್ದು ನರಸೀಪುರದಲ್ಲಿ ಆಗಲೇ ಇದೆಯಲ್ಲ ಎಂದರು ಎಲ್ಲರೂ.

ಯಜಮಾನರು ಹೋದ ವರ್ಷ ತೀರಿಕೊಂಡರು. ಸುದ್ದಿ ಕೇಳಿದಾಗ ಎದೆ ಹಗುರಾಗಬಹುದು ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಆಗಲಿಲ್ಲ. ಇಷ್ಟು ವರ್ಷ ಮನಸಾರೆ ಶಪಿಸಲು ಒಬ್ಬ ಮನುಷ್ಯನಾದರೂ ಇದ್ದ. ಈಗ ಬೈಯಬೇಕೆನಿಸಿದಾಗ ಸಿಗುವವಳು ನಾನೊಬ್ಬಳೇ, ಮೈಸೂರಿನವರಿಗೆ ಎರಡು ಸಲ ಬೇಡವೆಂದವಳು.