ಚಂದ್ರಿಗೊಂದು ಜೀಪು

ದುಂಡಪ್ಪ ಬೆಳಗಾವಿ ಸ್ಟೇಶನ್ನಿನ ಮುಂದೆ ಇಪ್ಪತ್ತೆರಡು ವರ್ಷ ಟಾಂಗಾ ಹೊಡೆದವನು. ಕುದುರೆಯ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಕಡಿಮೆ. ಮೋಟಾರಿನ ವಿಷಯದಲ್ಲಿ ಗೊತ್ತಿದ್ದದ್ದು ಇನ್ನೂ ಕಡಿಮೆ. ಟಿಳಕವಾಡಿಯ ಹೆಣ್ಣುಮಕ್ಕಳು ತವರಿಗೆ ಹೊರಟರೆ ಅವನ ಟಾಂಗಾಕ್ಕೇ ಹೇಳಿ ಕಳಿಸುತ್ತಿದ್ದರು. ಟ್ರಂಕು ಇಳಿಸಿ, ಟಿಕೀಟು ತೆಗೆಸಿಕೊಟ್ಟು, ರೈಲು ಬರುವ ತನಕ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಿಲ್ಲುತ್ತಿದ್ದ. ಬಾಡಿಗೆ ಕೇಳಲು ಮಾತ್ರ ನಾಚಿಕೆ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಹೊರಡುವವನು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸ್ಟೇಶನ್ನಿನ ಮುಂದೆ ಆಟೋಗಳ ಸಾಲು ಉದ್ದವಾಯಿತು, ಟಾಂಗಾಗಳ ಸಾಲು ಗಿಡ್ಡವಾಯಿತು. ದುಂಡಪ್ಪನೂ ಟಾಂಗಾ ಮಾರಿದ, ಆದರೆ ಚಂದ್ರಿಯನ್ನು ಮಾರಲಿಲ್ಲ. ಚಂದ್ರಿ ಅವನ ಹಿತ್ತಲಲ್ಲೇ ಹುಟ್ಟಿದ ಬಿಳಿ ಹೆಣ್ಣು ಕುದುರೆ. ಎಲ್ಲಿಯಾದರೂ ಹಲಗೆ ಬಾರಿಸುವ ಸದ್ದು ಕೇಳಿದರೆ ಸಾಕು, ಕಿವಿ ನಿಮಿರಿಸಿ ಮುಂಗಾಲು ಎತ್ತೆತ್ತಿ ಇಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ದೇವರು ಕೊಟ್ಟದ್ದು. ಒಮ್ಮೆ ಓಣಿಯ ಮದುವೆಯೊಂದರಲ್ಲಿ ಮದುಮಗನನ್ನು ಅವಳ ಮೇಲೆ ಕೂರಿಸಿದಾಗ ಅವಳು ಕುಣಿದ ಕುಣಿತಕ್ಕೆ ಬೀಗರು ಊಟ ಮರೆತು ಬೀದಿಯಲ್ಲೇ ನಿಂತರು. ಅಲ್ಲಿಂದ ಮುಂದೆ ದುಂಡಪ್ಪನ ಬದುಕೆಂದರೆ ಮಂದಿಯ ಮನೆಯ ಮದುವೆಯೇ ಆಯಿತು.

ಕರೆ ಹೆಚ್ಚಾಗಿ ಬರುತ್ತಿದ್ದದ್ದು ಖಾನಾಪುರದ ಕಡೆಯಿಂದ, ಅದರಾಚೆಯ ಕಾಡಂಚಿನ ಹಳ್ಳಿಗಳಿಂದ. ದುಂಡಪ್ಪ ಮುಂಚಿನ ದಿನವೇ ರೊಟ್ಟಿಯ ಗಂಟು ಕಟ್ಟಿಸಿಕೊಂಡು ಚಂದ್ರಿಯ ಜೊತೆ ನಡೆದೇ ಹೊರಡುತ್ತಿದ್ದ. ಹೋಗಲು ಮೂವತ್ತು ಮೈಲಿ, ಬರಲು ಮೂವತ್ತು. ಹೀಗೆ ಐದು ವರ್ಷ ನಡೆಯಿತು.

ಎಂಬತ್ತನಾಲ್ಕರ ಸಂಕ್ರಾಂತಿಯ ಹೊತ್ತಿಗೆ ಚಂದ್ರಿಯ ಮುಂಗಾಲಿನ ಗಿಣ್ಣು ಬಾತಿತು. ದನದ ಡಾಕ್ಟರು ಒತ್ತಿ ನೋಡಿ, ಮಣ್ಣಿನ ನೆಲದಲ್ಲಿ ಎರಡು ತಾಸು ಕುಣಿದರೆ ಏನೂ ಆಗುವುದಿಲ್ಲ, ಆದರೆ ಡಾಂಬರಿನ ಮೇಲೆ ಇಷ್ಟು ದೂರ ನಡೆಸಿದರೆ ಕಾಲು ಉಳಿಯುವುದಿಲ್ಲ ಎಂದರು. ಲಾರಿ ಹತ್ತಿಸಿ ನೋಡಿದ್ದೂ ಆಗಿತ್ತು. ಅಷ್ಟು ಎತ್ತರದಿಂದ ಇಳಿಸುವಾಗ ಮೊಣಕಾಲು ಕಿತ್ತು ರಕ್ತ ಬಂದಿತ್ತು. ಮೇಲಾಗಿ ಹಳ್ಳಿಗಳ ಹಳ್ಳ ದಾಟಲು ಲಾರಿಯವರು ಒಪ್ಪುತ್ತಿರಲಿಲ್ಲ.

ಇದೇ ಹೊತ್ತಿಗೆ ಮೀರಜದ ಕುದುರೆ ವ್ಯಾಪಾರಿಯೊಬ್ಬರು ಚಂದ್ರಿಯನ್ನು ಕೇಳಿದರು. ಒಳ್ಳೆಯ ಮನುಷ್ಯ. ಹೊಲ ಇತ್ತು, ಹಸಿ ಹುಲ್ಲಿತ್ತು, ಕುದುರೆಗೆ ಚಾಟಿ ಮುಟ್ಟಿಸದವರೆಂಬ ಹೆಸರಿತ್ತು. ಅವರನ್ನು ಬೈಯಲು ಕಾರಣವೇ ಇಲ್ಲದ್ದು ದುಂಡಪ್ಪನಿಗೆ ಹೆಚ್ಚು ಸಂಕಟವಾಯಿತು. ದುಡಿಮೆಯಿಲ್ಲದ ಕುದುರೆಗೆ ವರ್ಷವಿಡೀ ಹುರುಳಿ ಹಾಕುವ ಶಕ್ತಿ ತನಗಿಲ್ಲವೆಂಬುದೂ ಅವನಿಗೆ ಗೊತ್ತಿತ್ತು. ಬಸವ ಜಯಂತಿಯ ಮರುದಿನ ಹೌದು ಅಥವಾ ಇಲ್ಲ ಎಂದು ತಿಳಿಸುವುದಾಗಿ ಮಾತು ಕೊಟ್ಟ. ಜಯಂತಿಯ ದಿನವೇ ಹಳ್ಳದಾಚೆಯ ಊರೊಂದರಲ್ಲಿ ಮದುವೆಗೆ ಒಪ್ಪಿಕೊಂಡಿದ್ದ. ಅಲ್ಲಿಗೆ ಅವಳನ್ನು ನಡೆಸದೆ ಮುಟ್ಟಿಸಿದರೆ ಚಂದ್ರಿ ಮನೆಯಲ್ಲಿ, ಇಲ್ಲದಿದ್ದರೆ ಮೀರಜಕ್ಕೆ.

ಅವನ ಹೆಂಡತಿ ಕಾಶವ್ವ ಎರಡು ದಿನ ಚಂದ್ರಿಗೆ ಹುರುಳಿಯನ್ನು ತಾನೇ ನೆನೆಸಿ ಹಾಕಿದಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು: "ಇಷ್ಟು ವರ್ಷ ಆಕಿ ನಮ್ಮನ್ನ ಎಳದಾಳ. ಇನ್ನೊಂದಿಷ್ಟು ದಿನ ನಾವು ಆಕಿನ್ನ ಎಳಿಯೂಣಲ್ಲ."

ಅಷ್ಟೇ ಮಾತು. ದುಂಡಪ್ಪ ಅಂಗಿ ತೊಟ್ಟು ಮೆಕ್ಯಾನಿಕ್ ತಮ್ಮಣ್ಣನ ಗ್ಯಾರೇಜಿಗೆ ನಡೆದ.

ತಮ್ಮಣ್ಣ ದುಂಡಪ್ಪನ ಟಾಂಗಾದಲ್ಲೇ ಸಾಲೆಗೆ ಹೋಗಿ ಬೆಳೆದವನು. ಹಳೆಯ ಟ್ರ್ಯಾಕ್ಟರ್ ಟ್ರೇಲರಿನ ಗಾಲಿ, ಅಚ್ಚು ತಂದು ನೆಲಕ್ಕೆ ಹತ್ತಿರವಾದ ಒಂದು ಟ್ರೇಲರನ್ನು ಬೆಸೆದುಕೊಟ್ಟ. ಹಿಂದಿನ ಬಾಗಿಲನ್ನು ಕೆಳಗೆ ಬಿಟ್ಟರೆ ಅದೇ ಹತ್ತುವ ಹಲಗೆ. ಚಂದ್ರಿಗೆ ಪೆಟ್ಟಾಗದಂತೆ ಕಾಶವ್ವ ತನ್ನ ಮದುವೆಯಲ್ಲಿ ತಂದ ಎರಡು ಕೌದಿಗಳನ್ನು ಒಳಗೋಡೆಗೆ ಸುತ್ತ ಹೊಲಿದಳು. ಇನ್ನು ಬೇಕಾದದ್ದು ಅದನ್ನು ಎಳೆಯುವ ಗಾಡಿ. ಚಿಕ್ಕದಿರಬೇಕು, ಎಣ್ಣೆ ಕಡಿಮೆ ಕುಡಿಯಬೇಕು, ದಾರಿಯಲ್ಲಿ ಕೈ ಕೊಡಬಾರದು, ಕೆಸರಿನ ಹಳ್ಳ ದಾಟಬೇಕು. ತಮ್ಮಣ್ಣ ನಾಲ್ಕೂ ಗಾಲಿ ಎಳೆಯುವ ಜೀಪೇ ಆಗಬೇಕೆಂದ. ದುಂಡಪ್ಪನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಎರಡೇ ಕಾಲಲ್ಲಿ ಎಳೆಯುವ ಕುದುರೆಯನ್ನು ಯಾರಾದರೂ ಕೊಳ್ಳುತ್ತಾರೆಯೇ ಎಂದು ಕೇಳಿದ.

ಮೊದಲು ನೋಡಿದ್ದು ಹರಾಜಿನಲ್ಲಿ ಬಂದಿದ್ದ ಹಳೆಯ ಮಿಲಿಟ್ರಿ ಜೀಪು. ಗಟ್ಟಿಮುಟ್ಟಾದ ಒಡಲು, ಒಳ್ಳೆಯ ನಡಿಗೆ. ಚಂದ್ರಿಯ ತೂಕಕ್ಕೆ ನಾಲ್ಕು ಚೀಲ ಭತ್ತ ಹೇರಿ ಖಾನಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಪೆಟ್ರೋಲಿನ ಟಾಕಿ ಅರ್ಧಕ್ಕಿಂತ ಕೆಳಗಿಳಿಯಿತು. ತಮ್ಮಣ್ಣ ಬಗ್ಗಿ ನೋಡಿ, ಇದು ಕುಡುಕ ಅಳಿಯ ಇದ್ದ ಹಾಗೆ, ನೋಡಲು ಚಂದ, ಸಾಕಲು ಆಗದು ಎಂದ.

ಎರಡನೆಯದು ಮರದ ನಾಟಾ ವ್ಯಾಪಾರಿಯೊಬ್ಬನ ಡೀಸೆಲ್ ಜೀಪು. ಹೊಸ ಬಣ್ಣ, ದೊಡ್ಡ ಸದ್ದು. ಹಿಂಡಲಗಾದ ಕಡೆಯ ಏರನ್ನು ಭರ್ತಿ ಟ್ರೇಲರಿನೊಂದಿಗೆ ಗುಡುಗುಡು ಏರಿಬಿಟ್ಟಿತು. ಸುತ್ತ ನಿಂತವರೆಲ್ಲ ಭೇಷ್ ಎಂದರು. ದುಂಡಪ್ಪ ಮಾತ್ರ ಎರಡು ಚೀಲ ಕೆಳಗಿಳಿಸಿ, ತಾನೇ ಟ್ರೇಲರ್ ಹತ್ತಿದ.

"ಎಲ್ಲಿಗಿ ಹತ್ತಿದ್ಯೋ ದುಂಡಪ್ಪಣ್ಣಾ? ಮುಂದ ಬಾ, ಕುಂದರಾಕ ಜಾಗಾ ಐತಿ," ಎಂದು ತಮ್ಮಣ್ಣ ಕೂಗಿದ.

"ಚಂದ್ರಿ ಮುಂದ ಕುಂದರ್ತಾಳೇನು? ಆಕಿ ನಿಲ್ಲೂ ಜಾಗಾದಾಗ ನಾ ನಿಂದರ್ತೇನಿ. ನೀ ಇಳಿಸು."

ಕೈ ಎಲ್ಲಿಯೂ ಹಿಡಿಯದೆ, ಕಣ್ಣು ಮುಚ್ಚಿ ನಿಂತ. ಇಳಿಜಾರಿನ ನಡುವೆ ಗೇರು ತಾನಾಗಿ ಕಳಚಿತು, ಟ್ರೇಲರು ಹಿಂದಿನಿಂದ ಜೀಪನ್ನು ನೂಕಿತು, ತಮ್ಮಣ್ಣ ಬ್ರೇಕು ಒತ್ತಿದ. ದುಂಡಪ್ಪನ ಹಣೆ ಕೌದಿಯ ಮೇಲೆ ಬಿದ್ದದ್ದರಿಂದ ಒಂದು ಬುಗುಟಿನಲ್ಲಿ ಮುಗಿಯಿತು. ನಾಟಾ ವ್ಯಾಪಾರಿ ನಗುತ್ತ, ಏರುವುದನ್ನು ನೋಡಲಿಲ್ಲವೇ ಎಂದ. ದುಂಡಪ್ಪ ಹಣೆ ತಿಕ್ಕಿಕೊಂಡ.

"ಏರೂದು ಎಲ್ಲಾ ಗಾಡಿನೂ ಏರತಾವ್ರಿ. ನನಗ ಇಳಿಯೂ ಗಾಡಿ ಬೇಕು."

ಇದು ಟಾಂಗಾದವನ ಬುದ್ಧಿ. ಏರಿನಲ್ಲಿ ಚಾಟಿಯ ಭಯಕ್ಕೆ ಎಂಥ ಕುದುರೆಯೂ ಎಳೆಯುತ್ತದೆ. ಇಳಿಜಾರಿನಲ್ಲಿ ಹಿಂದಿನ ಭಾರ ನೂಕುವಾಗ ಕಾಲೂರಿ, ತಡೆದು, ಹೆಜ್ಜೆ ಹೆಜ್ಜೆಯಾಗಿ ಇಳಿಸುವ ಕುದುರೆಯೇ ನಂಬಿಕೆಯ ಕುದುರೆ.

ಬಸವ ಜಯಂತಿಗೆ ಹದಿನೆಂಟು ದಿನ ಉಳಿದಾಗ ಖಾನಾಪುರದ ಭತ್ತದ ವ್ಯಾಪಾರಿ ನೇಮಣ್ಣನವರು ಜೀಪು ಕೊಡುವ ಸುದ್ದಿ ಬಂತು. ಅವರದು ಹಳೆಯ ಜೀಪು, ಪೆಟ್ರೋಲ್ ಎಂಜಿನ್ ತೆಗೆದು ಚಿಕ್ಕ ಡೀಸೆಲ್ ಎಂಜಿನ್ ಕೂರಿಸಿದ್ದರು. ಬಣ್ಣ ಯಾವುದೆಂದು ಹೇಳುವುದು ಕಷ್ಟವಿತ್ತು. ಆದರೆ ಮಳೆಗಾಲದಲ್ಲೂ ಹಳ್ಳಿಹಳ್ಳಿ ತಿರುಗಿ ಭತ್ತ ತಂದ ಗಾಡಿ; ನಾಲ್ಕೂ ಗಾಲಿಗೆ ಜೀವವಿತ್ತು, ಭಾರ ಎಳೆದರೂ ಲೀಟರಿಗೆ ಹತ್ತು ಕಿಲೋಮೀಟರ್ ಓಡುತ್ತಿತ್ತು. ಮಲಪ್ರಭೆಯ ದಂಡೆಯ ಕಡಿದಾದ ಇಳಿಜಾರಿನಲ್ಲಿ ತಮ್ಮಣ್ಣ ಸಣ್ಣ ಗೇರಿಗೆ ಹಾಕಿ, ಬ್ರೇಕಿನ ಮೇಲೆ ಕಾಲೇ ಇಡದೆ ಇಳಿಸಿದ. ಹಿಂದೆ ಟ್ರೇಲರಿನಲ್ಲಿ ನಿಂತ ದುಂಡಪ್ಪನ ಅಂಗೈಯಲ್ಲಿ ಚುರುಮುರಿ ಇತ್ತು. ಕೆಳಗೆ ಮುಟ್ಟಿದಾಗ ಒಂದು ಕಾಳೂ ಚೆಲ್ಲಿರಲಿಲ್ಲ. ಅದನ್ನು ತಿನ್ನುತ್ತ ಇಳಿದು ಬಂದು, ಕುದುರೆಯ ಮುಖ ಸವರುವ ಹಾಗೆ ಜೀಪಿನ ಮುಂಭಾಗ ಸವರಿದ. ಎಡಗಡೆಯ ದೀಪದ ಕೆಳಗೆ ಕೈ ತಡೆಯಿತು.

ಅಲ್ಲೊಂದು ತೇಪೆ ಇತ್ತು. ಬೆಸುಗೆ ಹಾಕಿದವನು ಸುತ್ತಿ ಸುತ್ತಿ ಎಳೆದಿದ್ದ. ನೋಡಿದರೆ ಥೇಟ್ ಕೂದಲಿನ ಸುಳಿ. ಕಣ್ಣಿನ ಕೆಳಗೆ ಸುಳಿಯಿರುವ ಕುದುರೆ ಮನೆಯವರನ್ನು ಅಳಿಸುತ್ತದೆಂದು ದುಂಡಪ್ಪನ ಅಪ್ಪ ಹೇಳಿಕೊಟ್ಟಿದ್ದ. ಇಷ್ಟು ವರ್ಷದಲ್ಲಿ ಅಂಥ ಕುದುರೆಯನ್ನು ಅವನು ಮುಟ್ಟಿದವನೇ ಅಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ನೇಮಣ್ಣನವರಿಗೆ ಕೈ ಮುಗಿದು ಹೊರಟುಬಿಟ್ಟ. ಕಾರಣ ತಿಳಿದ ತಮ್ಮಣ್ಣ ಬೆಳಗಾವಿ ಬರುವ ತನಕ ಗೇಲಿ ಮಾಡುವುದನ್ನು ಬಿಡಲಿಲ್ಲ.

"ಸುಳಿ ನೋಡ್ದಿ, ಹಲ್ಲು ಯಾಕ ನೋಡ್ಲಿಲ್ಲ? ಬಾಲಾನೂ ಒಂದೀಟು ಎತ್ತಿ ನೋಡಬೇಕಾಗಿತ್ತು."

ದುಂಡಪ್ಪ ಮನೆಗೆ ಬಂದು ಚಂದ್ರಿಯ ಕಾಲಿಗೆ ಬಿಸಿ ಅರಿಸಿನ ಹಚ್ಚುತ್ತ ಕುಳಿತ. ಕಾಶವ್ವ ಒಂದೊಂದೇ ಮಾತು ಹೊರಡಿಸಿ ಎಲ್ಲವನ್ನೂ ಕೇಳಿಕೊಂಡಳು. ಆಮೇಲೆ ಸೆರಗು ಸರಿಸಿ, ಅವನ ಮುಂದೆ ತಲೆ ಬಗ್ಗಿಸಿದಳು.

"ನೋಡ್ರಿಲ್ಲೆ. ಎಷ್ಟು ಸುಳಿ ಅದಾವ?"

ದುಂಡಪ್ಪನಿಗೆ ಗೊತ್ತಿತ್ತು. ಎರಡು.

"ಎರಡು ಸುಳಿ ಹುಡುಗಿ, ಎರಡು ಮದುವಿ ಆಗ್ತಾಳ ಅಂತ ನಿಮ್ಮ ಸೋದರತ್ತಿ ಓಣಿ ತುಂಬ ಹೇಳಿದ್ದಳಲ್ಲ. ನಿಮ್ಮವ್ವ ಏನಂದಳು?"

"ಕೂದಲಾ ದಂಡಿ ಅದಾವ, ಮುಚ್ಚಿ ಹೋಗ್ತಾವ ಅಂದಳು."

"ಇಪ್ಪತ್ತೆಂಟು ವರ್ಷ ಆತು. ಎರಡನೇದವ ಎಲ್ಲೂ ಕಾಣವಲ್ಲ. ನಿಮ್ಮನ್ನರ ಅಳಿಸೇನೇನು?"

ದುಂಡಪ್ಪ ಸ್ವಲ್ಪ ಯೋಚಿಸಿ, ಹುಣಸೆಹಣ್ಣಿನ ಸಾರು ಮಾಡಿದ ದಿನ ಮಾತ್ರ ಎಂದ. ಕಾಶವ್ವ ಅರಿಸಿನದ ಬಟ್ಟಲನ್ನು ಅವನ ಕೈಯಿಂದ ಕಿತ್ತುಕೊಂಡಳು. ಆದರೆ ನಗು ತಡೆಯಲಾಗದೆ ಬಾಗಿಲ ಕಡೆ ತಿರುಗಿ ನಿಂತಳು.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಖಾನಾಪುರಕ್ಕೆ ಬಂದರು. ಕಾಶವ್ವ ನೇಮಣ್ಣನವರನ್ನು ನೇರವಾಗಿ ಕೇಳಿದಳು, ಆ ತೇಪೆ ಹೇಗೆ ಬಂತೆಂದು. ನೇಮಣ್ಣನವರು ಮೊದಲು ಸಂಕೋಚಪಟ್ಟರು, ಆಮೇಲೆ ಹೇಳಿದರು. ಬಾಜೂಮನೆಯ ಹೋರಿ ದೀಪದ ಗಾಜಿನಲ್ಲಿ ತನ್ನ ಮುಖವನ್ನೇ ಕಂಡು, ಯಾವನೋ ಎದುರಾಳಿ ಬಂದನೆಂದು ಹಾಯ್ದುಬಿಟ್ಟಿತ್ತು.

"ಹೋರಿಗೇನಾತ್ರಿ ಸಾವ್ಕಾರ್ರ?" ಎಂದ ದುಂಡಪ್ಪ.

"ಅದಕ್ಕೇನಾಗತೈತಿ? ಗೆದ್ದೆ ಅಂತ ಬಾಲಾ ಎತ್ತಿ ಓಣಿ ತುಂಬ ಓಡಾಡ್ತು."

ಕಾಶವ್ವ ಸೊಂಟದ ಚೀಲದಿಂದ ವಿಭೂತಿ ತೆಗೆದು, ಆ ತೇಪೆಯ ಮೇಲೆ ಮೂರು ಬೆರಳೆಳೆದಳು. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತಳು. ಆಮೇಲೆ ಗಂಡನ ಕಡೆ ನೋಡಿದಳು. ದುಂಡಪ್ಪ ತಲೆಯಾಡಿಸಿದ. ಟಾಂಗಾ ಮಾರಿ ಇಟ್ಟಿದ್ದ ಹಣವೂ ಅವಳ ಚೀಟಿಯ ಹಣವೂ ಸೇರಿ ಬೆಲೆಗೆ ಸರಿಯಾಯಿತು.

ಉಳಿದ ದಿನಗಳು ಜೀಪು ಕಲಿಯುವುದರಲ್ಲಿ ಹೋದವು. ನಿಲ್ಲಿಸಬೇಕೆಂದಾಗ ದುಂಡಪ್ಪ ಸ್ಟೇರಿಂಗನ್ನು ಲಗಾಮಿನಂತೆ ಎದೆಗೆ ಎಳೆದುಕೊಳ್ಳುತ್ತಿದ್ದ. ಹೊರಡಬೇಕೆಂದಾಗ ನಾಲಿಗೆ ಲೊಚಗುಟ್ಟಿಸುತ್ತಿದ್ದ. ಎರಡು ಬೇಲಿ, ನೀರು ತುಂಬಿದ ಒಂದು ಮಣ್ಣಿನ ಹರವಿ ಹೋದವು. ಹತ್ತನೆಯ ದಿನಕ್ಕೆ ಕಾಲು ಬ್ರೇಕನ್ನು ನೆನಪಿಟ್ಟುಕೊಂಡಿತು. ಲೈಸೆನ್ಸಿನ ಪರೀಕ್ಷೆಯೂ ಪಾಸಾಯಿತು. ನಾಲಿಗೆ ಮಾತ್ರ ಕೊನೆಯವರೆಗೂ ಲೊಚಗುಟ್ಟುವುದನ್ನು ಬಿಡಲಿಲ್ಲ.

ಬಸವ ಜಯಂತಿಯ ಬೆಳಿಗ್ಗೆ ಚಂದ್ರಿ ಟ್ರೇಲರಿನ ಹಲಗೆಯ ಮೇಲೆ ಒಂದು ಕಾಲಿಟ್ಟು, ಟೊಳ್ಳು ಸದ್ದು ಕೇಳಿ ಹಿಂದೆ ಸರಿದಳು. ಕಾಶವ್ವ ಮುಂದೆ ಹೋಗಿ ಕೌದಿಯ ಪಕ್ಕ ನಿಂತು, ಏನೋ ಮನೆಯ ಮಾತು ಹೇಳುತ್ತ ಕೈಯಲ್ಲಿ ಬೆಲ್ಲ ಹಿಡಿದಳು. ಚಂದ್ರಿ ಮೂಸಿದಳು. ಕೌದಿಗೆ ಕಾಶವ್ವನ ಪೆಟ್ಟಿಗೆಯ ವಾಸನೆಯೇ ಇತ್ತು. ಒಂದೊಂದೇ ಹೆಜ್ಜೆಯಿಟ್ಟು ಒಳಗೆ ಬಂದಳು.

ಖಾನಾಪುರ ದಾಟಿ, ಡಾಂಬರು ಮುಗಿದು, ಕೆಂಪು ಮಣ್ಣಿನ ದಾರಿ ಹಿಡಿದರು. ಹಿಂದಿನ ದಿನ ಮಳೆ ಬಿದ್ದು ಹಳ್ಳದ ಇಳಿಜಾರು ಬೆಣ್ಣೆಯಾಗಿತ್ತು. ದುಂಡಪ್ಪ ನಿಲ್ಲಿಸಿ, ಗೇರಿನ ಪಕ್ಕದ ಸಣ್ಣ ಕೋಲು ಎಳೆದು ನಾಲ್ಕೂ ಗಾಲಿಗೆ ಬಲ ಕೊಟ್ಟ. ಕಾಶವ್ವ ಶಿವನ ಹೆಸರು ಹೇಳಿ ಹಿಂದಕ್ಕೆ ತಿರುಗಿ ಕುಳಿತಳು. ಜೀಪು ಮೂಗಿನಿಂದ ಉಸಿರಾಡುತ್ತ, ತಡೆಯುತ್ತ, ಮುದುಕ ಎತ್ತಿನ ಹಾಗೆ ಒಂದೊಂದೇ ಅಡಿ ಇಳಿಯಿತು. ನೀರು ಗಾಲಿಯ ಅರ್ಧಕ್ಕೆ ಬಂತು, ದಾಟಿತು. ಆಚೆಯ ದಂಡೆ ಏರಿದ ಮೇಲೆ ದುಂಡಪ್ಪ ನಿಲ್ಲಿಸಿ ಹಿಂದೆ ಓಡಿದ. ಒಳಗೆ ಇಣುಕಿದವನು ಹಾಗೇ ನಿಂತ.

"ಏನಾತ್ರಿ?" ಎಂದು ಕಾಶವ್ವ ಕೂಗಿದಳು.

ಅವನು ಬಾಯಿಗೆ ಬೆರಳಿಟ್ಟು, ಬಂದು ನೋಡೆಂದು ಕೈ ಮಾಡಿದ. ಚಂದ್ರಿ ಹಿಂಗಾಲೊಂದನ್ನು ಮಡಚಿ ಗೊರಸಿನ ತುದಿಯೂರಿ, ಕೆಳದುಟಿ ಜೋಲು ಬಿಟ್ಟು ನಿಂತೇ ನಿದ್ದೆ ಮಾಡುತ್ತಿದ್ದಳು. ತನ್ನ ಹಿತ್ತಲಿನಲ್ಲಿ ಬಿಟ್ಟರೆ ಅವಳು ಬೇರೆಲ್ಲೂ ಹಾಗೆ ನಿಂತವಳಲ್ಲ. ಗಂಡ ಹೆಂಡತಿ ಇಬ್ಬರೂ ಅವಳಾಗಿ ಏಳುವ ತನಕ ದಾರಿಯ ಬದಿಯ ಕಲ್ಲಿನ ಮೇಲೆ ಸುಮ್ಮನೆ ಕುಳಿತರು. ಮದುವೆಯವರು ಕಾಯುತ್ತಿದ್ದದ್ದು ನಿಜ, ಆದರೆ ಎಬ್ಬಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ಅಂದು ಹಲಗೆ ಬಾರಿಸುವವರೇ ದಣಿದರು, ಚಂದ್ರಿ ದಣಿಯಲಿಲ್ಲ. ಮದುಮಗ ಎರಡು ಸಲ ಹಣೆಯಿಂದ ಜಾರಿದ ಬಾಸಿಂಗ ಹಿಡಿದುಕೊಂಡ. ಮುದುಕಿಯರು ಹೊಸ್ತಿಲು ಬಿಟ್ಟು ಬೀದಿಗೆ ಬಂದರು.

ಮರುದಿನ ಖಾನಾಪುರದ ಪೋಸ್ಟಿನ ಮುಂದೆ ಜೀಪು ನಿಲ್ಲಿಸಿ, ದುಂಡಪ್ಪ ಒಂದು ಕಾರ್ಡು ಕೊಂಡ. ಜೀಪಿನ ಮೂಗಿನ ಮೇಲೆ ಅದನ್ನಿಟ್ಟುಕೊಂಡು ಮೀರಜದ ವ್ಯಾಪಾರಿಗೆ ಬರೆದ: ಚಂದ್ರಿಯನ್ನು ಕೊಡುವುದಿಲ್ಲ, ಕ್ಷಮೆಯಿರಲಿ. ನಿಮ್ಮಲ್ಲಿ ಮದುವೆ ಇದ್ದರೆ ತಿಳಿಸಬೇಕು, ಕರೆದುಕೊಂಡು ಬರುತ್ತೇವೆ.