ಎಡಬಾಗಿಲಿನ ಹೂವು

ಅತ್ತೆ ತಮ್ಮ ಅಕ್ಕನ ಮನೆಗೆ ಹೊರಟು ನಿಂತ ದಿನವೇ ನಮ್ಮ ಕಾರಿನ ಕಿಟಕಿಗಳು ಕೈಕೊಟ್ಟವು. ಯಾವ ಸ್ವಿಚ್ ಒತ್ತಿದರೂ ಒಂದು ಗಾಜೂ ಕೆಳಗಿಳಿಯಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಎ.ಸಿ. ಹಾಕಿಕೊಂಡು ಹೋಗಬಹುದಿತ್ತಲ್ಲ ಅನ್ನಬೇಡಿ. ಕಿಟಕಿ ಮುಚ್ಚಿದ ಕಾರಿನಲ್ಲಿ ಅತ್ತೆಗೆ ಹೆಬ್ಬಾಳ ಮುಟ್ಟುವ ಮೊದಲೇ ವಾಂತಿ. ಆಟೋದ ಕುಲುಕಾಟಕ್ಕೆ ಸೊಂಟ ಹಿಡಿದುಕೊಳ್ಳುತ್ತದೆ. ನಾಳೆ ನೋಡೋಣ ಅನ್ನುವಂತೆಯೂ ಇರಲಿಲ್ಲ. ಯಶವಂತಪುರದ ಅವರ ಅಕ್ಕ ಮರುದಿನ ಬೆಳಿಗ್ಗೆಯೇ ಮಗಳ ಜೊತೆ ಹುಬ್ಬಳ್ಳಿಗೆ ಹೊರಟಿದ್ದರು, ಇನ್ನು ಅಲ್ಲೇ ಇರಲು.

ಅಕ್ಕ ತಂಗಿ ಮಾತು ಬಿಟ್ಟು ಮೂರು ವರ್ಷವಾಗಿತ್ತು. ತನ್ನ ಮೊಮ್ಮಗನ ಮದುವೆಗೆ ಅಕ್ಕ ನಮ್ಮ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯಲಿಲ್ಲ, ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಕಳಿಸಿ ಕೈತೊಳೆದುಕೊಂಡಳು ಅನ್ನುವುದು ಅತ್ತೆಯ ದೂರು. ಮದುವೆಗೂ ಹೋಗಲಿಲ್ಲ. "ಇನ್ನು ಈ ಮನೇಲಿ ಅವಳ ಹೆಸರು ಎತ್ತಕೂಡ್ದು" ಅಂದರು. ನಾವು ಯಾರೂ ಎತ್ತಲಿಲ್ಲ. ಅಂಥವರು ಆ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ನಡಿಯೇ, ಒಂದ್ಸಲ ನೋಡ್ಕೊಂಡು ಬಂದ್ಬಿಡೋಣ" ಅಂದಿದ್ದರು. ಆ ಮನಸ್ಸು ಮಧ್ಯಾಹ್ನದವರೆಗೆ ಉಳಿಯುತ್ತದೆ ಅನ್ನುವ ನಂಬಿಕೆ ನನಗಿರಲಿಲ್ಲ.

ಕೋಗಿಲು ಕ್ರಾಸಿನ ಹತ್ತಿರ ನಮಗೆ ಗೊತ್ತಿರುವ ಗ್ಯಾರೇಜಿದೆ. ಅಲ್ಲಿಯವರೆಗೆ ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಕೂತರು. ಮೆಕ್ಯಾನಿಕ್ ಅವರಿಗೊಂದು ಕುರ್ಚಿ ಹಾಕಿ, ಸ್ವಿಚ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿದ.

"ನಾಲ್ಕೂ ಒಟ್ಟಿಗೇ ಹೋಗಿದೆ ಅಂದ್ರೆ ಫ್ಯೂಸ್ ಇರ್ಬೇಕು ಅಕ್ಕಾ."

ಹೊಸ ಫ್ಯೂಸ್ ಹಾಕಿದ. ಮುಂದಿನ ಎರಡೂ ಗಾಜು ಇಳಿದವು, ಹಿಂದೆ ಬಲಗಡೆಯದೂ ಇಳಿಯಿತು. ಹಿಂದಿನ ಎಡಗಡೆಯ ಸ್ವಿಚ್ ಮುಟ್ಟಿದ್ದೇ ತಡ, ಫ್ಯೂಸ್ ಮತ್ತೆ ಸುಟ್ಟುಹೋಯಿತು. ಅದು ಅತ್ತೆ ಯಾವಾಗಲೂ ಕೂರುವ ಕಡೆ.

"ಈ ಡೋರಲ್ಲೇ ಶಾರ್ಟ್ ಆಗ್ತಿದೆ. ಅರ್ಜೆಂಟ್ ಇದ್ರೆ ಇದೊಂದರ ವೈರ್ ಬಿಡಿಸಿಬಿಡ್ತೀನಿ, ಮಿಕ್ಕ ಮೂರು ನಡೀತವೆ."

"ಹಂಗೇ ಮಾಡಪ್ಪ" ಅಂದರು ಅತ್ತೆ ಥಟ್ಟನೆ. "ಬಾಗಿಲು ಗೀಗಿಲು ಬಿಚ್ಚೋದೇನ್ ಬೇಡ."

ನನಗೆ ಅರೆಬರೆ ಕೆಲಸ ಕಂಡರಾಗದು. "ಬಂದಿದ್ದೀವಲ್ಲ, ಬಿಚ್ಚಿ ನೋಡ್ರೀ" ಅಂದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆತ ಬಾಗಿಲನ್ನು ಹಿಂದೆ ಮುಂದೆ ಅಲ್ಲಾಡಿಸಿದ. ಒಳಗೆ ನೀರು ತುಳುಕುವ ಸದ್ದಾಯಿತು.

"ಅಯ್ಯೋ, ಏನಕ್ಕಾ, ಒಳಗೆ ಬಾವಿ ತೋಡ್ಸಿದ್ದೀರಾ?"

ಬಾಗಿಲಿನ ಅಡಿಯಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವಂತೆ. ಸ್ಕ್ರೂಡ್ರೈವರಿನಿಂದ ಚುಚ್ಚಿದ್ದಕ್ಕೆ ಕಂದು ನೀರು ಸುರಿಯಿತು, ಜೊತೆಗೆ ದೇವರಮನೆಯ ಬುಟ್ಟಿಯಲ್ಲಿ ಮರೆತುಹೋದ ಹೂವಿನ ವಾಸನೆ. ಒಳಗಿನ ಪ್ಯಾಡ್ ಬಿಚ್ಚಿ ಕೈ ಹಾಕಿದರೆ ಕೊಳೆತ ಸೇವಂತಿಗೆ, ತುಳಸಿ, ನೂಲು. ಮೇಲಿನ ತಗಡಿನ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಹೂಗಳು ಮಾತ್ರ ಗರಿಗರಿಯಾಗಿ ಒಣಗಿದ್ದವು.

"ಹೂ ಹೋಗಿ ತೂತಿಗೆ ಕೂತಿದೆ. ನಿಂತ ನೀರು ಮೋಟರಿನ ಕನೆಕ್ಷನ್‌ಗೆ ಹತ್ತಿದೆ" ಎಂದು ಆತ ಹಸಿರು ಕಿಲುಬು ಹಿಡಿದ ವೈರಿನ ತುದಿ ತೋರಿಸಿದ.

"ಯಾವ ಮನೆಹಾಳರು ಇದನ್ನೆಲ್ಲ ತುರುಕಿದ್ದು!" ಎಂದು ನಾನು ಕೂಗಾಡಿದೆ. ಪಕ್ಕದ ಮನೆಯ ಮಕ್ಕಳನ್ನೂ ಬಿಡಲಿಲ್ಲ.

"ಬಾಯ್ಮುಚ್ಚೇ, ನಾನೇ ಹಾಕಿದ್ದು" ಅಂದರು ಅತ್ತೆ.

ಮಂಗಳವಾರ ಮಂಗಳವಾರ ಅವರನ್ನು ಊರಮ್ಮನ ಗುಡಿಗೆ ಕರೆದುಕೊಂಡು ಹೋಗುವವಳು ನಾನೇ. ಆದರೆ ಕಾರು ನಿಲ್ಲಿಸುವ ಜಾಗಕ್ಕೆ ಯಾರ ಜೊತೆಗಾದರೂ ಜಗಳವಾಡುತ್ತಾ ಹೊರಗೇ ಇರುತ್ತಿದ್ದೆ. ಒಳಗೆ ಅವರು ಯಾರ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತಿದ್ದರೆಂದು ನನಗೆ ಹೇಗೆ ಗೊತ್ತಾಗಬೇಕು?

"ಅವಳ ಹೆಸರು, ನಕ್ಷತ್ರ ಹೇಳಿ ಮಾಡಿಸ್ತಿದ್ದೆ. ಪ್ರಸಾದದ ಹೂವ ಮನೆಗೆ ತಂದ್ರೆ ಯಾರ್ದು ಅಂತ ನೀವೆಲ್ಲ ಕೇಳ್ತೀರಿ. ಹೊರಗೆ ಎಸೆದ್ರೆ ಜನ ತುಳೀತಾರೆ. ಗಾಜಿನ ಸಂದಿಗೆ ಹಾಕ್ತಿದ್ದೆ. ಅದು ಎಲ್ಲೋಗತ್ತೆ ಅಂತ ನಂಗೇನ್ ಗೊತ್ತು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ವರ್ಷ ಹೆಸರೆತ್ತದ ಈ ಹಟಮಾರಿ ಹೆಂಗಸಿನ ಮೇಲೆ ಅಷ್ಟೊಂದು ಪ್ರೀತಿ ಉಕ್ಕಿತು.

ಮೆಕ್ಯಾನಿಕ್ ಕೊಳೆತದ್ದನ್ನೆಲ್ಲ ಹೊಂಗೆಮರದ ಬುಡಕ್ಕೆ ಹಾಕಿದ. ಕಿಲುಬು ಉಜ್ಜಿ, ವೈರಿನ ತುದಿ ಒಣಗಿಸಿ, ಹೊಸ ಫ್ಯೂಸ್ ಕೂರಿಸಿದ. ಎಡಗಡೆಯ ಗಾಜು ಗೊಣಗುತ್ತಲೇ ಕೆಳಗಿಳಿಯಿತು. ಅಷ್ಟರಲ್ಲಿ ಅತ್ತೆ ಒಣಗಿದ ಹೂಗಳನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು. ಕೆಂಪಾಪುರ ದಾಟುವಾಗ ಗಾಳಿಗೆ ಮುಖವೊಡ್ಡಿ ಕೂತಿದ್ದರು.

ಯಶವಂತಪುರ ಮಾರ್ಕೆಟ್ಟಿನ ಹತ್ತಿರ, "ಒಂದು ಮೊಳ ಮಲ್ಲಿಗೆ ತಗೊಳ್ಳಲಾ ಅತ್ತೆ?" ಅಂದೆ.

"ಬೇಡ. ಇದೆ."

ಅಕ್ಕನ ಮನೆಯ ನಡುಮನೆಯಲ್ಲಿ ಕಟ್ಟಿಟ್ಟ ಸೂಟ್‌ಕೇಸುಗಳು. ಅಕ್ಕ ಮಂಚದ ಮೇಲೆ ಕೂತಿದ್ದರು. ತಂಗಿಯನ್ನು ಕಂಡು ಏಳಲು ಹೋದರು, ಆಗಲಿಲ್ಲ. ಅತ್ತೆ ನೆಟ್ಟಗೆ ಹೋಗಿ ಸೆರಗಿನ ಗಂಟು ಬಿಚ್ಚಿ ಅವರ ಬೊಗಸೆಗೆ ಹೂ ಸುರಿದರು. "ನಿನ್ ಹೆಸರಲ್ಲಿ ಮಾಡಿಸಿದ್ದು."

ಅಕ್ಕ ಕೈಯಲ್ಲಿದ್ದ ತರಗನ್ನು ನೋಡಿದರು.

"ಒಣಗಿದ ಹೂ ತಂದಿದ್ದೀಯಲ್ಲೇ, ಜಿಪುಣಿ!"

"ತಾಜಾ ಇದ್ದಾಗ ನೀನು ಮಾತಾಡ್ತಿದ್ಯೇನೇ?" ಎಂದು ಅತ್ತೆ ಅಲ್ಲೇ ಮಂಚದ ಮೇಲೆ ಕುಸಿದು ಕೂತು ಜೋರಾಗಿ ಅತ್ತುಬಿಟ್ಟರು. ಅಕ್ಕ ಆ ಹೂಗಳಲ್ಲಿ ಒಂದನ್ನು ಹುಡುಕಿ ತೆಗೆದು, ಪುಡಿಯಾಗದಂತೆ ಮೆಲ್ಲಗೆ ತಮ್ಮ ತುರುಬಿಗೆ ಸಿಕ್ಕಿಸಿಕೊಂಡರು.