ಮೂರು ತಾಲ್ಲೂಕು ಸುತ್ತಿಸಿದ ಜೀಪಿನ ರಬ್ಬರು

ಮೈಸೂರಿನಿಂದ ಹೊರಟ ಪ್ಯಾಸೆಂಜರ್ ರೈಲು ಅರಸೀಕೆರೆ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಅಲ್ಲಿ ಗಾಡಿ ಬದಲಿಸಿ ತಿಪಟೂರಿನಲ್ಲಿ ಇಳಿದಾಗ ಭಾವ ಶಿವಣ್ಣನವರು ಸ್ಟೇಷನ್ನಿನ ಹೊರಗೆ ತಮ್ಮ ಜೀಪಿಗೆ ಒರಗಿಕೊಂಡು ನಿಂತಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವನು; ವಾಹನಗಳ ಬಗ್ಗೆ ನನ್ನ ತಿಳಿವಳಿಕೆ ಸೈಕಲ್ ಚೈನಿನ ಹತ್ತಿರಕ್ಕೇ ಮುಗಿಯುತ್ತದೆ. ಅಕ್ಕನ ಒಬ್ಬಳೇ ಮಗಳು ಸರೋಜಳನ್ನು ಚೊಚ್ಚಲ ಹೆರಿಗೆಗೆ ತುರುವೇಕೆರೆಯ ಗಂಡನ ಮನೆಯಿಂದ ಕರೆತರುವುದಿತ್ತು. ಸೋದರಮಾವ ಜೊತೆಗಿರಬೇಕು ಎಂದು ಅಕ್ಕ ಗೌರಮ್ಮ ಹೇಳಿ ಕಳಿಸಿದ್ದಳು. ಹೋಗಿ ಬರುವ ಕೆಲಸ ತಾನೇ ಎಂದು ಒಂದೇ ಜೊತೆ ಬಟ್ಟೆ ತಂದಿದ್ದೆ.

ಜೀಪು ನಾನು ಹಿಂದೆ ನೋಡಿದ ಜೀಪಾಗಿರಲಿಲ್ಲ. ಕಾಲ್ಬೆರಳ ಮೇಲೆ ನಿಂತು ಬೇಲಿಯಾಚೆ ಇಣುಕುವವರ ಹಾಗೆ ಎತ್ತರವಾಗಿತ್ತು. ಏಕೆ ಎಂದು ಕೇಳಿದೆ. ನನಗೆ ಕೇಳುವ ಚಟ, ಭಾವನಿಗೆ ಹೇಳುವ ಚಟ, ಹಾಗಾಗಿ ನಮ್ಮಿಬ್ಬರಿಗೂ ಹೊಂದಾಣಿಕೆ. ಅವರ ತೋಟದ ಮನೆ ಹಂದನಕೆರೆಯಿಂದ ಒಂದೂವರೆ ಮೈಲಿ ಒಳಗೆ. ಎತ್ತಿನ ಗಾಡಿಗಳು ಓಡಾಡಿ ದಾರಿಯ ಎರಡೂ ಬದಿ ಆಳವಾಗಿ ಕೊರೆದು, ನಡುವೆ ಏಳುವ ದಿಬ್ಬ ಜೀಪಿನ ಹೊಟ್ಟೆಗೆ ಉಜ್ಜುತ್ತಿತ್ತಂತೆ. ಅದಕ್ಕೇ ಜೀಪಿನ ಭಾರ ಹೊರುವ ಕಮಾನು ಪಟ್ಟಿಗಳನ್ನು ಹೆಚ್ಚಿಸಿ, ದೊಡ್ಡ ಟೈರು ಹಾಕಿಸಿ, ಆ ಎತ್ತರಕ್ಕೆ ತಕ್ಕಂತೆ ಉದ್ದನೆಯ ಶಾಕ್ ಅಬ್ಸಾರ್ಬರ್ ಕೂರಿಸಿದ್ದರು. ಹೊಟ್ಟೆಯ ಕಷ್ಟ ತೀರಿತು, ಬೆನ್ನಿನ ಕಷ್ಟ ಶುರುವಾಯಿತು.

ಅದು ಹೇಗೆಂದರೆ, ಜೀಪಿನ ಚಾಸಿಯ ಕೆಳಗೆ, ಚಕ್ರಗಳನ್ನು ಕೂಡಿಸುವ ಆಕ್ಸಲ್ಲಿಗೆ ನೇರವಾಗಿ, ಮುಷ್ಟಿಯಷ್ಟು ದಪ್ಪದ ರಬ್ಬರಿನ ಗಟ್ಟಿಯೊಂದು ನೇತಾಡುತ್ತಿರುತ್ತದೆ. ಬಂಪ್ ಸ್ಟಾಪ್ ಎಂದು ಅದರ ಹೆಸರು. ಹಳ್ಳಕ್ಕೆ ಬಿದ್ದ ಚಕ್ರ ಮೇಲಕ್ಕೆ ಚಿಮ್ಮಿದಾಗ ಕಬ್ಬಿಣಕ್ಕೆ ಕಬ್ಬಿಣ ಹೊಡೆಯದಂತೆ ನಡುವೆ ನಿಂತು ಏಟು ತಿನ್ನುವುದು ಅದರ ಕೆಲಸ. ಮಿಕ್ಕದ್ದೆಲ್ಲ ಬದಲಾದ ಮೇಲೂ ಹಳೆಯ ಗಿಡ್ಡ ರಬ್ಬರೇ ಉಳಿದಿತ್ತು. ಹೋದ ತಿಂಗಳು ಸೀಮಂತಕ್ಕೆಂದು ತುರುವೇಕೆರೆಗೆ ಹೋದಾಗ, ಬೀಗರ ಬಾಗಿಲಿನ ಎದುರಿನ ಚರಂಡಿಯಲ್ಲಿ ಜೀಪು ಕುಕ್ಕರಿಸಿ ಊರಿಗೆಲ್ಲ ಕೇಳುವಂತೆ ಢಣ್ ಎಂದಿತ್ತು. ಹೊಸ್ತಿಲಲ್ಲಿ ನಿಂತಿದ್ದ ಬೀಗಿತ್ತಿ ಪುಟ್ಟನಂಜಮ್ಮನವರು ಅದನ್ನು ಕೇಳಿಸಿಕೊಂಡರು. ಸೊಸೆಯನ್ನು ಈ ಜೀಪಿನಲ್ಲಿ ಕಳಿಸುವುದಿಲ್ಲ ಎಂದರು. ಬಾಡಿಗೆ ಕಾರು ಆ ದಿಬ್ಬದ ದಾರಿಯಲ್ಲಿ ನುಗ್ಗದು. ಎತ್ತಿನ ಗಾಡಿಯ ಹೆಸರೆತ್ತಿದರಂತೂ ಆಕೆ ಮುಖ ತಿರುಗಿಸಿ ಒಳಗೆ ಹೋದರಂತೆ. ವಾರ ಕಳೆದರೆ ಮತ್ತೆ ಪ್ರಯಾಣವೇ ಕೂಡದು ಎಂದು ಡಾಕ್ಟರು ಬೇರೆ ಹೇಳಿದ್ದರು. ಅಕ್ಕ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ಒಲೆ ಹೂಡಿಸಿ, ಮಗಳು ಬರುತ್ತಾಳೋ ಇಲ್ಲವೋ ಎಂದು ಊಟ ಬಿಟ್ಟು ಕೂತಿದ್ದಾಳೆ ಎಂದು ಭಾವ ಹೇಳಿದರು.

ಮಾರುಕಟ್ಟೆಯ ಹಿಂದಿನ ರಹಮತ್ ಸಾಬರ ಶೆಡ್ಡಿಗೆ ಹೋದೆವು. ಬೀದಿಯಲ್ಲೆಲ್ಲ ಕೊಬ್ಬರಿಯ ಎಣ್ಣೆ ಘಮಲು. ಸಾಬರು ಲಾರಿ, ವ್ಯಾನುಗಳಿಂದ ಕಳಚಿದ ರಬ್ಬರುಗಳನ್ನು ಮಂಕರಿಯಲ್ಲಿ ತಂದು ಸುರಿದರು. ಭಾವ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ, ಗೆಣ್ಣಿನಿಂದ ಕುಟ್ಟಿ, ಕಿವಿಗೆ ಹಿಡಿದು ನೋಡತೊಡಗಿದರು. ನನಗೆ ನಗು ಬಂತು. ಅವರ ಜನ್ಮವೆಲ್ಲ ಕಳೆದಿರುವುದು ಹಾಗೆಯೇ. ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಲು ಬಿಟ್ಟು, ಒಳಗಿನ ಉಂಡೆ ಗಡಗಡ ಎನ್ನುತ್ತದೆಯೇ ಎಂದು ಕಿವಿಯ ಹತ್ತಿರ ಕುಲುಕಿ, ಸುಲಿದ ಮೇಲೆ ಒತ್ತಿ, ಗಟ್ಟಿಯಿದ್ದದ್ದನ್ನು ಒಂದು ಕಡೆ, ಮೆತ್ತಗಿದ್ದದ್ದನ್ನು ಇನ್ನೊಂದು ಕಡೆ ಎಸೆಯುವ ಕೈ ಅದು.

ಕೊನೆಗೆ ಅತ್ಯಂತ ಉದ್ದದ, ಅತ್ಯಂತ ಬಿರುಸಾದ ನಾಲ್ಕನ್ನು ಆರಿಸಿದರು. ಅದು ಲಾರಿಯದು, ಜೀಪಿನ ಭಾರಕ್ಕೆ ಬಗ್ಗುವುದಿಲ್ಲ ಎಂದು ಸಾಬರು ಮೆಲ್ಲಗೆ ಹೇಳಿದರು.

"ಗಟ್ಟಿ ಇದ್ರೇ ಬಾಳಿಕೆ ಕಣ್ರೀ ಸಾಬ್ರೇ. ಮೆತ್ತಗಿರೋದು ಎಣ್ಣೆ ಗಾಣಕ್ಕೆ" ಎಂದರು ಭಾವ.

ಸಾಬರು ಗಿರಾಕಿಯ ಎದುರು ವಾದ ಬೆಳೆಸುವವರಲ್ಲ. ಜೀಪು ಎಷ್ಟು ಎದ್ದಿದೆಯೋ ರಬ್ಬರೂ ಅಷ್ಟು ಉದ್ದವಾದರೆ ಆಯಿತು ಎಂದು ತಮ್ಮ ಲೆಕ್ಕವನ್ನೂ ಸೇರಿಸಿ ಬಿಗಿದುಕೊಟ್ಟರು. ಅಲ್ಲಿಂದ ಹಂದನಕೆರೆಯವರೆಗೆ ಢಣ್ ಎಂಬ ಸದ್ದು ಒಮ್ಮೆಯೂ ಬರಲಿಲ್ಲ, ನಿಜ. ಆದರೆ ಪ್ರತಿ ಗುಂಡಿಗೂ ಜೀಪು ನನ್ನನ್ನು ಸೀಟಿನಿಂದ ಕಿತ್ತು ಮೇಲಿನ ಸರಳಿಗೆ ಬಡಿಯಿತು. ತೋಟ ಮುಟ್ಟುವಾಗ ನನ್ನ ನೆತ್ತಿಯ ಮೇಲೆ ನಿಂಬೆಕಾಯಿ ಗಾತ್ರದ ಬುಗುಟೆ ಎದ್ದಿತ್ತು.

ಮಾರನೆಯ ಬೆಳಿಗ್ಗೆ ತೋಟದಲ್ಲಿ ಮಂಜಿತ್ತು. ಮುದ್ದೆ, ಅವರೆಕಾಳು ಸಾರು ಉಂಡ ಮೇಲೆ ಅಕ್ಕ ತಾನೇ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು. ಮಗಳು ಕೂರಬೇಕಾದ ಜಾಗ ಅದು. ಭಾವ ಹಳ್ಳದವರೆಗೆ ಒಂದು ಸುತ್ತು ಹೊಡೆದು ಬಂದರು. ಅಕ್ಕ ಸೊಂಟ ಹಿಡಿದುಕೊಂಡು ಇಳಿದಳು.

"ನನಗೇ ಹಿಂಗಾದ್ರೆ ತುಂಬಿದ ಬಸುರಿ ಗತಿ ಏನ್ಲಾ? ನಮ್ಮ ಬೀಗಿತ್ತಿ ಹೇಳಿದ್ರಲ್ಲಿ ಏನ್ ತಪ್ಪೈತೆ?" ಎಂದು ನನ್ನನ್ನೇ ಕೇಳಿದಳು. ಕಣ್ಣಲ್ಲಿ ನೀರಿತ್ತು. ನನಗೆ ತಲೆಯ ಬುಗುಟೆ ಮರೆತುಹೋಯಿತು.

ಹೊಸ್ತಿಲಿಗೆ ಬಳಿಯಲೆಂದು ಅವಳು ಕಲಸಿಟ್ಟ ಕೆಮ್ಮಣ್ಣು ಜಗಲಿಯ ಮೇಲಿತ್ತು. ಅದನ್ನು ನೋಡುತ್ತಾ ಕೂತವನಿಗೆ ನಮ್ಮ ಅಚ್ಚುಕೂಟ ನೆನಪಾಯಿತು. ಅಚ್ಚಿನ ಮೊಳೆಗೆ ಮಸಿ ಬಳಿದು ಕಾಗದ ಒತ್ತಿದರೆ ಎಲ್ಲಿ ಮುಟ್ಟಿತು, ಎಲ್ಲಿ ಬಿಟ್ಟಿತು ಎಂದು ಕಾಗದವೇ ಹೇಳುತ್ತದೆ. ಚಿಪ್ಪಿನಲ್ಲಿ ಕೆಮ್ಮಣ್ಣು ತೆಗೆದುಕೊಂಡು ಜೀಪಿನ ಕೆಳಗೆ ನುಸುಳಿ, ರಬ್ಬರುಗಳ ತಳಕ್ಕೆಲ್ಲ ಬಳಿದೆ. ಗುಡಿಸಿದ ಅಂಗಳದಲ್ಲಿ ಭಾವ ಜೀಪನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡಿಸಿದರು, ಅಷ್ಟೇ. ಆಕ್ಸಲ್ಲಿನ ಮೇಲೆ ಆಗಲೇ ಕೆಂಪು ಮುದ್ರೆ ಬಿದ್ದಿತ್ತು. ಅಂದರೆ ಜೀಪು ಕಮಾನಿನ ಮೇಲೆ ಕೂತೇ ಇರಲಿಲ್ಲ, ಕಲ್ಲಿನಂಥ ರಬ್ಬರಿನ ಮೇಲೆ ಕೂತಿತ್ತು. ಭಾವ ಬಗ್ಗಿ ಅದನ್ನು ನೋಡಿ, ಬಹಳ ಹೊತ್ತು ಮೀಸೆ ಸವರಿಕೊಂಡರು.

ಹಾಗಾದರೆ ಎಷ್ಟು ಉದ್ದ ಬೇಕು? ಇದು ನಮ್ಮನ್ನು ಮಧ್ಯಾಹ್ನದವರೆಗೆ ಕಾಡಿತು. ಲಾರಿ ರಬ್ಬರುಗಳನ್ನು ಬಿಚ್ಚಿ, ಒಂದು ಹಿಂದಿನ ಚಕ್ರವನ್ನು ಕಲ್ಲಿನ ಬದುವಿನ ಮೇಲೆ ನಿಧಾನವಾಗಿ ಹತ್ತಿಸಿದೆವು. ನಾನು ಪಕ್ಕದಲ್ಲಿ ಅಂಗಾತ ಮಲಗಿ, ಯಾವುದಕ್ಕೆ ಯಾವುದು ಮೊದಲು ತಾಗುತ್ತದೆ ಎಂದು ನೋಡುತ್ತಿದ್ದೆ. ಟೈರು ಮಡ್ಗಾರ್ಡನ್ನು ಮುಟ್ಟಲಿಲ್ಲ. ಅದಕ್ಕೂ ಮೊದಲೇ ಉದ್ದನೆಯ ಶಾಕ್ ಅಬ್ಸಾರ್ಬರ್ ಪೂರ್ತಿ ಮುಚ್ಚಿಕೊಂಡು ತಳ ಕಂಡಿತು. ಬೀಗಿತ್ತಿ ಕೇಳಿದ ಢಣ್ ಇದೇ. ಮುಂದಿನ ಚಕ್ರದಲ್ಲೂ ಅದೇ ಕಥೆ. ಹಳೆಯ ರಬ್ಬರಿಗಿಂತ ಹೆಚ್ಚು ಬೇಕಾದದ್ದು ಜೀಪು ಎದ್ದಷ್ಟು ಉದ್ದವಲ್ಲ, ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಶಾಕ್ ಅಬ್ಸಾರ್ಬರ್ ತಳ ಕಾಣುವುದಕ್ಕಿಂತ ಒಂದು ಬೆರಳು ಮುಂಚೆ ಆಕ್ಸಲ್ಲು ನಿಲ್ಲಬೇಕು. ಆಗ ಚಾಸಿಗೂ ಆಕ್ಸಲ್ಲಿಗೂ ನಡುವೆ ಉಳಿಯುವ ಅಂತರಕ್ಕೆ ಸರಿಯಾಗಿ ಭಾವ ತೆಂಗಿನ ಗರಿಯ ಕಡ್ಡಿಯೊಂದನ್ನು ಮುರಿದು ಜೇಬಿನಲ್ಲಿಟ್ಟುಕೊಂಡರು. ರಬ್ಬರು ಎಷ್ಟು ಹಿಸುಕಿದರೂ ಈ ಕಡ್ಡಿಗಿಂತ ಗಿಡ್ಡ ಆಗಬಾರದು, ಹಿಸುಕುವುದಕ್ಕೆ ಮೊದಲು ಮೆತ್ತಗೆ ಸಿಗಬೇಕು ಎಂದು ತೀರ್ಮಾನವಾಯಿತು.

ಮೂರನೆಯ ದಿನ ಹೂವು, ಹಣ್ಣು, ಸೀರೆಯ ತಟ್ಟೆ ಹಿಡಿದು ಅಕ್ಕನೂ ಹೊರಟಳು. ಚಿಕ್ಕನಾಯಕನಹಳ್ಳಿಯ ಅಂಗಡಿಯೊಂದರಲ್ಲಿ ಜೀಪಿನದೇ ಹೊಸ ರಬ್ಬರು ಸಿಕ್ಕಿತು. ಕೆಳಗೆ ಸಣ್ಣಗೆ, ಮೇಲೆ ದಪ್ಪಗೆ, ಒತ್ತಿದರೆ ಹೆಬ್ಬೆರಳು ಒಳಗೆ ಇಳಿಯುವಷ್ಟು ಮೃದು. ಭಾವ ಕೊಳೆತ ಕೊಬ್ಬರಿ ಮುಟ್ಟಿದವರ ಹಾಗೆ ಕೈ ಹಿಂದೆಗೆದರು. ಅಕ್ಕ ಮಾತ್ರ ತಾನೂ ಒತ್ತಿ ನೋಡಿ, ಇದನ್ನೇ ಕಟ್ಟಿಸಿ ಎಂದಳು. ಕಡ್ಡಿ ಹಿಡಿದು ನೋಡಿದರೆ ರಬ್ಬರು ಅದಕ್ಕಿಂತ ಗಿಡ್ಡವಾಗಿತ್ತು. ಮೇಲೆ ಏನಾದರೂ ಸೇರಿಸಬೇಕಿತ್ತು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಪಕ್ಕದ ಮೇಜಿನ ಲಾರಿ ಡ್ರೈವರು, ಅಮ್ಮಸಂದ್ರದ ಗುಜರಿಯಲ್ಲಿ ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಸಾಗಿಸುವ ಹಳೆಯ ಬೆಲ್ಟು ಸಿಗುತ್ತದೆ ನೋಡಿ ಎಂದ. ಹೋಗಿ ನೋಡಿದೆವು. ಬಟ್ಟೆಯ ಪದರಗಳ ನಡುವೆ ರಬ್ಬರು ಕೂಡಿಸಿದ, ಬೆರಳು ದಪ್ಪದ ಅಗಲ ಪಟ್ಟಿ. ಭಾವ ಗೆಣ್ಣಿನಿಂದ ಕುಟ್ಟಿ ನೋಡಿದರು. ಬಹಳ ಹೊತ್ತಿನ ಮೇಲೆ ಅವರ ಮುಖ ಅರಳಿತು. ಅದನ್ನು ಚೌಕವಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ತುದಿಯಲ್ಲಿ ಮೆತ್ತನೆಯ ಹೊಸ ರಬ್ಬರು ಇಟ್ಟು, ಉದ್ದನೆಯ ಬೋಲ್ಟು ಹಾಕಿ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಬಿಗಿಸಿದೆವು. ಮೇಲಿನದು ಭಾವನ ಮನಸ್ಸಿನಂತೆ ಗಟ್ಟಿ, ಕೆಳಗಿನದು ಅಕ್ಕನ ಮನಸ್ಸಿನಂತೆ ಮೃದು. ಅಕ್ಕ ಚೊಂಬಿನಲ್ಲಿ ತಂದಿದ್ದ ಕೆಮ್ಮಣ್ಣನ್ನು ಮತ್ತೆ ಬಳಿದೆ. ಸಣ್ಣ ಗುಂಡಿಗೇ ಗುರುತು ಬಿತ್ತು. ಒಂದು ಪದರ ತೆಗೆದೆವು. ಆಮೇಲೆ ಚಪ್ಪಟೆ ದಾರಿಯಲ್ಲಿ ಗುರುತಿಲ್ಲ, ಸಣ್ಣ ಗುಂಡಿಯಲ್ಲಿ ಇಲ್ಲ, ಕಾಲುವೆಯ ತಗ್ಗಿನಲ್ಲಿ ಮಾತ್ರ ಕುಂಕುಮದ ಬೊಟ್ಟಿನಷ್ಟು ತಾಗಿತ್ತು.

ತುರುವೇಕೆರೆ ಸೇರಿದಾಗ ಬಿಸಿಲು ಇಳಿಮುಖವಾಗಿತ್ತು. ಅಳಿಯ ಕೆಲಸಕ್ಕೆ ಹೋಗಿದ್ದ. ಸರೋಜ ಬಾಗಿಲ ಮರೆಯಲ್ಲಿ ನಿಂತು ನಮ್ಮ ಮುಖಗಳನ್ನೇ ನೋಡುತ್ತಿದ್ದಳು; ಬಟ್ಟೆಯ ಪೆಟ್ಟಿಗೆ ಆಗಲೇ ಕಟ್ಟಿಟ್ಟಿತ್ತು. ಪುಟ್ಟನಂಜಮ್ಮನವರು ಮಜ್ಜಿಗೆ ಕೊಟ್ಟು ಉಪಚರಿಸಿದರು. ಹುಡುಗಿ ಸರಿಯಾಗಿ ಉಣ್ಣುತ್ತಿಲ್ಲ, ಹುಡುಗಿಗೆ ಕಾಲು ಊತ ಎಂದೆಲ್ಲ ಹೇಳಿದರೇ ಹೊರತು ಹುಟ್ಟುವ ಮಗುವಿನ ಸುದ್ದಿಯನ್ನೇ ಎತ್ತಲಿಲ್ಲ. ಅಕ್ಕ ಎತ್ತಿದರೂ ಮಾತು ಬದಲಿಸುತ್ತಿದ್ದರು. ಭಾವ ರಬ್ಬರಿನ ಪುರಾಣ ತೆಗೆದಾಗ ಆಕೆ ಕೈಯೆತ್ತಿ ತಡೆದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ಹಿಂದಿನ ಸೀಟು ಹತ್ತಿ ಕೂತರು. "ನಡೀರಿ, ನೋಡಾನ" ಎಂದರು. ನಾನು ಎದುರಿನ ಸೀಟಿನಲ್ಲಿ ಕೂತೆ.

ಮೊದಲು ಆ ಚರಂಡಿ. ಭಾವ ಉಸಿರು ಬಿಗಿಹಿಡಿದು ಇಳಿಸಿದರು. ಧೊಪ್ಪೆಂದು ದಿಂಬಿನ ಮೇಲೆ ಕೈಯಿಟ್ಟ ಹಾಗೆ ಒಂದು ಸದ್ದು ಬಂತು, ಜೀಪು ಎದ್ದು ಮುಂದೆ ಹೋಯಿತು. ಕೆರೆ ಏರಿಯ ಕಡೆಗೆ ಹೋಗಿ ಎಂದು ಆಕೆ ಹೇಳಿದರು. ಅಲ್ಲಿ ದಾರಿ ಪೂರಾ ಕಿತ್ತುಹೋಗಿತ್ತು. ಆಕೆ ಸರಳು ಹಿಡಿಯದೆ, ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಏರಿಯ ತುದಿಯಲ್ಲಿ ಜೀಪು ತಿರುಗಿಸುವಾಗ, ಯಾರೂ ಕೇಳದೆಯೇ ಮಾತಾಡಿದರು.

"ನನ್ನ ಚೊಚ್ಚಲಿಗೆ ಅಪ್ಪ ಗಾಡಿ ಕಟ್ಕೊಂಡು ಬಂದಿದ್ರು ಕಣಪ್ಪ. ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿದ್ರು. ದಾರಿಯೆಲ್ಲ ಕುಕ್ಕಿ ಕುಕ್ಕಿ, ತವರು ಸೇರೋವತ್ಗೆ ಎಲ್ಲಾ ಮುಗ್ದೋಗಿತ್ತು."

ಭಾವ ಎಂಜಿನ್ ನಿಲ್ಲಿಸಿದರು. ಮೂರು ದಿನದಿಂದ ಈಕೆಯನ್ನು ಹಟಮಾರಿ ಎಂದು ಬೈದುಕೊಂಡೇ ತಿರುಗಿದ್ದೆವು. ಕೆರೆಯ ನೀರಿನ ಮೇಲೆ ಗಾಳಿ ಬೀಸುತ್ತಿತ್ತು. ಆಕೆಯೇ, ನಡೀರಿ, ಕತ್ತಲಾಗೋದ್ರೊಳಗೆ ಊರು ಸೇರ್ಬೇಕಲ್ಲ ಎಂದರು.

ಸರೋಜಳ ಜೊತೆಗೆ ಆಕೆಯೂ ಹೊರಟರು. ಅಕ್ಕ ಒಂದು ಪಕ್ಕ, ಆಕೆ ಇನ್ನೊಂದು ಪಕ್ಕ, ನಡುವೆ ಹುಡುಗಿ. ದೊಡ್ಡ ತಗ್ಗು ಬಂದಾಗಲೆಲ್ಲ ಇಬ್ಬರ ಕೈಗಳೂ ಒಟ್ಟಿಗೆ ಅವಳ ಹೊಟ್ಟೆಯ ಮೇಲೆ ಬರುತ್ತಿದ್ದವು. ಹಂದನಕೆರೆ ದಾಟಿ ದಿಬ್ಬದ ದಾರಿಗೆ ಬಿದ್ದ ಮೇಲೆ ಹಳ್ಳದ ಆ ಇಳಿತ ಬಂತು. ಮೆಲ್ಲಗೆ ಇಳಿದೆವು, ಮೆಲ್ಲಗೆ ಎದ್ದೆವು. ಸರೋಜ ಅಮ್ಮನ ಹೆಗಲಿಗೆ ಒರಗಿ ತೂಕಡಿಸುತ್ತಿದ್ದಳು, ಅವಳಿಗೆ ಎಚ್ಚರವೇ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಬೀಗಿತ್ತಿಯನ್ನು ತಿಪಟೂರಿನಲ್ಲಿ ತುರುವೇಕೆರೆ ಬಸ್ಸಿಗೆ ಹತ್ತಿಸಿ, ನನ್ನನ್ನು ರೈಲಿಗೆ ಬಿಡುವುದೆಂದು ಭಾವ ಜೀಪು ಹೊರಡಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಪುಟ್ಟನಂಜಮ್ಮನವರು ಜೀಪಿನ ಹಿಂಬದಿಗೆ ಹೋಗಿ, ಸೆರಗು ಸಿಕ್ಕಿಸಿ ಬಗ್ಗಿ, ಚಕ್ರದ ಮೇಲಕ್ಕೆ ಕೈ ಹಾಕಿ ಆ ಮೆತ್ತನೆಯ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆರಳಿಗೆ ಕೆಮ್ಮಣ್ಣು ಹತ್ತಿತು. ಅದನ್ನು ಒರೆಸಿಕೊಳ್ಳದೆ ಭಾವನ ಕಡೆ ತಿರುಗಿದರು.

"ಇದನ್ನ ಬದಲಾಯಿಸ್ಬ್ಯಾಡಿ ಬೀಗರೇ. ಕೂಸು ನಮ್ಮನೆಗೆ ಬರೋದೂ ಇದರಾಗೇ."